ತಾಯಿ ಚಿಂತಿ ಕೂಸಿಗೆ ಹತ್ತತದ, ತಾಯಿಗೆ ಎಲ್ಲಿಂದ ಹತ್ತತದ?

ಬಾಣಂತಿ ಇರುವ ಮನೆಗೆ ಹೋದರೆ ನಮ್ಮ ಕಲಬುರಗಿ ಕಡೆ ಎರಡು ಮಾತು ಕಿವಿಗೆ ಬೀಳದೇ ಇರಲ್ಲ. ಒಂದು, 'ಕೂಸು ಯಾರಂಗ ಅದ?' ಇನ್ನೊಂದು, 'ಚಿಂತಿ ಮಾಡಬ್ಯಾಡವ್ವ, ತಾಯಿ ಚಿಂತಿ ಕೂಸಿಗಿ ಹತ್ತತದ.' ಮೊದಲನೇದಕ್ಕೆ ಮನೆಯಲ್ಲಿ ಹತ್ತು ಜನ ಹತ್ತು ಉತ್ತರ ಕೊಡ್ತಾರೆ. ಎರಡನೇದಕ್ಕೆ ಬಾಣಂತಿ ಸುಮ್ಮನೆ ತಲೆಯಾಡಿಸಬೇಕು, ಅಷ್ಟೇ.

ನಾನೂ ತಿಂಗಳುಗಟ್ಟಲೆ ತಲೆಯಾಡಿಸಿದವಳೇ. ತಾಜಸುಲ್ತಾನಪುರದ ತವರುಮನೆ, ಹೊರಗೆ ಏಪ್ರಿಲ್‌ ಬಿಸಿಲು, ಒಳಗೆ ನಾನು ಕಿವಿಗೆ ಅರಳೆ ಇಟ್ಟುಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದೇನೆ. ಊಟಕ್ಕೆ ಸಬ್ಬಸಗಿ ಪಲ್ಲೆ, ಮೇಲೆ ಅಂಟಿನುಂಡಿ. ಕಮಲಾಪುರದಿಂದ ಅತ್ತಿ ಒಂದು ಡಜನ್‌ ಕೆಂಪು ಬಾಳೆಹಣ್ಣು ತಂದಿದ್ದರು. 'ಬಾಣಂತಿಗಿ ಥಂಡಿ ಆಗ್ತದ' ಅಂತ ಅವ್ವ ಅದನ್ನು ನನ್ನ ಕಣ್ಣೆದುರೇ ಉಳಿದವರಿಗೆ ಹಂಚಿಬಿಟ್ಟಳು. ಆ ಬೇಸರ ಮಗಳಿಗೆ ಹತ್ತಿತೋ ಇಲ್ಲವೋ ಗೊತ್ತಿಲ್ಲ, ನನಗಂತೂ ಇನ್ನೂ ಇದೆ.

ತಮಾಷೆ ಬಿಡಿ. ಆ ಮಾತು ಖರೇನಾ ಅಂತ ನನಗೆ ತಿಳಿಯಲೇಬೇಕಿತ್ತು. ಯಾಕಂದರೆ ಹೆರಿಗೆಯಾದ ಮೂರನೇ ವಾರದಿಂದ ನನಗೆ ಕಾರಣವಿಲ್ಲದೆ ಅಳು ಬರುತ್ತಿತ್ತು. ನಾನು ಅತ್ತ ದಿನವೇ ಮಗಳು ಹಾಲು ಕುಡಿಯೋಕೆ ಹಟ ಮಾಡಿದ ಹಾಗೆ ಅನಿಸುತ್ತಿತ್ತು. ಒಂದು ಸಂಜೆ ನೋಡಲು ಬಂದಿದ್ದ ಹಿರಿಯರೊಬ್ಬರು, 'ನೀ ಹಿಂಗ ಅಳಕೋತ ಕುಂತ್ರ ಹಾಲು ವಿಷ ಆಗ್ತಾವ ನೋಡು' ಅಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಅವತ್ತಿನಿಂದ ನಾನು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು ಅಳೋಕೆ ಶುರು ಮಾಡಿದೆ. ಅಳುವುದರ ಜೊತೆಗೆ ಅತ್ತೆನಲ್ಲಾ ಅನ್ನೋ ಭಯ ಬೇರೆ.

ರಾತ್ರಿ ಹಾಲು ಕುಡಿಸುವಾಗ ಒಂದು ಕೈ ಖಾಲಿ ಇರುತ್ತದೆ. ಬೇರೆಯವರು ರೀಲ್ಸ್‌ ನೋಡ್ತಾರೆ, ನಾನು ಸಂಶೋಧನಾ ಲೇಖನಗಳನ್ನು ಹುಡುಕಿದೆ. ಇಂಜಿನಿಯರಿಂಗ್‌ ಓದಿದವರ ಚಟ. ಯಾವುದೇ ಮಾತಿಗೂ 'ಲಾಗ್‌ ಎಲ್ಲಿ?' ಅಂತ ಕೇಳೋದು.

ಹಾಲಿನಿಂದಲೇ ಶುರು ಮಾಡ್ತೀನಿ. ಹಾಲು ವಿಷ ಆಗಲ್ಲ. ಆದರೆ ಹಾಲು ಇಳಿಯೋದು ತಡವಾಗಬಹುದು. ಹಾಲು ಉತ್ಪತ್ತಿಯಾಗಲು ಒಂದು ಹಾರ್ಮೋನ್‌, ಪ್ರೊಲ್ಯಾಕ್ಟಿನ್‌. ತಯಾರಾದ ಹಾಲು ಹೊರಗೆ ಬರಲು ಇನ್ನೊಂದು, ಆಕ್ಸಿಟೋಸಿನ್‌. ತಾಯಿಗೆ ನೋವು, ಗಾಬರಿ, ಉದ್ವೇಗ ಆದಾಗ ಎರಡನೆಯದಕ್ಕೆ ಅಡ್ಡಿಯಾಗುತ್ತದೆ. 1948ರಲ್ಲಿ ಅಮೆರಿಕದ ಮೈಕೆಲ್‌ ನ್ಯೂಟನ್‌ ಮತ್ತು ನೈಲ್ಸ್‌ ನ್ಯೂಟನ್‌ ದಂಪತಿ ಇದನ್ನು ಅಳೆದು ತೋರಿಸಿದರು. ಹಾಲುಣಿಸುವ ತಾಯಿಯ ಪಾದಗಳನ್ನು ಐಸ್‌ ನೀರಿನಲ್ಲಿ ಇಡಿಸೋದು, ಕಾಲ್ಬೆರಳು ಜಗ್ಗೋದು, ಲೆಕ್ಕ ಕೇಳೋದು, ಹೀಗೆ ಕಾಡಿಸಿದರು. ಮಗುವನ್ನು ಹಾಲು ಕುಡಿಯುವ ಮೊದಲು ಮತ್ತು ನಂತರ ತೂಗಿದರು. ತಾಯಿ ನಿರಾಳವಾಗಿದ್ದಾಗ ಮಗುವಿಗೆ ಸರಾಸರಿ 168 ಗ್ರಾಂ ಹಾಲು ಸಿಕ್ಕಿತ್ತು, ಕಾಡಿಸಿದಾಗ 99. ಕಾಡಿಸುತ್ತಲೇ ಆಕ್ಸಿಟೋಸಿನ್‌ ಚುಚ್ಚುಮದ್ದು ಕೊಟ್ಟಾಗ ಮತ್ತೆ 153. ಅಂದರೆ ಹಾಲು ಒಳಗೇ ಇತ್ತು, ಇಳಿಯುತ್ತಿರಲಿಲ್ಲ.

ಇದನ್ನು ಆಯಿಗೆ ಹೇಳಿದೆ. ನನ್ನ ಅಜ್ಜಿ, ಎಂಬತ್ತರ ಆಸುಪಾಸು. 'ಹೊಸಾ ಮಂದಿ ಬಂದು ನಿಂತ್ರ ಎಮ್ಮಿ ಸುದ್ದಾ ಹಾಲು ಬಿಡಂಗಿಲ್ಲ. ಇದಕ್ಕ ಅಮೇರಿಕಾಕ್ಕ ಯಾಕ ಹೋಗ್ಬೇಕಿತ್ತು?' ಅಂದಳು.

ಆಯಿ ಹೇಳಿದ್ದರಲ್ಲಿ ಒಂದು ಸೂಕ್ಷ್ಮ ಇದೆ. ಎಮ್ಮೆ ಹಾಲು ಬಿಡದಿದ್ದರೆ ಯಾರೂ ಎಮ್ಮೆಗೆ 'ಚಿಂತಿ ಮಾಡಬ್ಯಾಡ' ಅನ್ನಲ್ಲ. ಎದುರಿಗೆ ನಿಂತ ಹೊಸಾ ಮಂದಿಯನ್ನು ಆ ಕಡೆ ಕಳಿಸ್ತಾರೆ.

ಹಾಲಿನ ವಿಷಯ ಒತ್ತಟ್ಟಿಗಿರಲಿ, ತಾಯಿಯ ಉದ್ವೇಗ ಮಗುವಿನ ಮೈಗೆ ನಿಜವಾಗಿ ದಾಟುತ್ತದಾ? ದಾಟುತ್ತದೆ. 2014ರಲ್ಲಿ ಸಾರಾ ವಾಟರ್ಸ್‌ ಮತ್ತು ಜೊತೆಗಾರರು ಕ್ಯಾಲಿಫೋರ್ನಿಯಾದಲ್ಲಿ ಮಾಡಿದ ಪ್ರಯೋಗ ನೋಡಿ. 69 ತಾಯಂದಿರು, 12ರಿಂದ 14 ತಿಂಗಳ ಮಕ್ಕಳು. ಇಬ್ಬರ ಎದೆಬಡಿತವನ್ನೂ ಅಳೆಯುವ ವ್ಯವಸ್ಥೆ. ಮಗುವನ್ನು ಬೇರೆ ಕೋಣೆಯಲ್ಲಿ ಬಿಟ್ಟು ತಾಯಿ ಐದು ನಿಮಿಷ ಭಾಷಣ ಮಾಡಬೇಕು, ಆಮೇಲೆ ಪ್ರಶ್ನೋತ್ತರ. ಕೆಲವರ ಎದುರಿಗೆ ನಗುತ್ತಾ, ತಲೆದೂಗುತ್ತಾ ಕೇಳುವವರು. ಕೆಲವರ ಎದುರಿಗೆ ಕೈಕಟ್ಟಿ, ಮುಖ ಗಂಟುಹಾಕಿಕೊಂಡು ಕೂತವರು. ಇನ್ನು ಕೆಲವರು ಖಾಲಿ ಕೋಣೆಯಲ್ಲಿ ಒಬ್ಬರೇ ಮಾತಾಡಿದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅಪ್ರೈಸಲ್‌ ಮೀಟಿಂಗ್‌.

ಮುಗಿದ ಮೇಲೆ ಮಗುವನ್ನು ತಾಯಿಯ ಕೈಗೆ ಕೊಟ್ಟರು. ಏನಾಗಿದೆ ಅಂತ ಮಗುವಿಗೆ ಯಾರೂ ಹೇಳಿಲ್ಲ, ಅದು ಏನನ್ನೂ ನೋಡಿಲ್ಲ. ಆದರೂ ಕೆಲವೇ ನಿಮಿಷಗಳಲ್ಲಿ ತಾಯಿಯ ಎದೆಬಡಿತದ ಏರಿಳಿತ ಮಗುವಿನಲ್ಲೂ ಕಾಣಿಸಿತು. ಗಂಟುಮುಖಗಳ ಎದುರಿನಿಂದ ಬಂದ ತಾಯಂದಿರ ಮಕ್ಕಳು ಅಪರಿಚಿತರನ್ನು ಕಂಡು ಹೆಚ್ಚು ಹಿಂಜರಿದವು.

ಈ ಪ್ರಯೋಗವನ್ನು ಹೆಚ್ಚಿನವರು ಹೇಳೋದು 'ನೋಡಿ, ತಾಯಿ ಶಾಂತವಾಗಿರಬೇಕು' ಅಂತ. ನನಗೆ ಕಂಡದ್ದು ಬೇರೆ. ಆ ಉದ್ವೇಗ ಹುಟ್ಟಿದ್ದು ತಾಯಿಯ ಒಳಗಲ್ಲ. ಎದುರಿಗೆ ಕೈಕಟ್ಟಿ ಕೂತವರಿಂದ. ತಾಯಿ ನಡುವಿನ ತಂತಿ ಮಾತ್ರ. ಸರಪಳಿಯ ಕೊನೆಯಲ್ಲಿ ಕೂಸಿದೆ ಅಂತ ನಮಗೆಲ್ಲ ಗೊತ್ತು. ಮೊದಲ ಕೊಂಡಿ ಯಾವುದು ಅಂತ ಯಾರೂ ಕೇಳಲ್ಲ.

ಬಾಣಂತಿ ಕೋಣೆಯಲ್ಲಿ ಆ ಕೈಕಟ್ಟಿ ಕೂತವರು ಯಾರು? ಒಂದು ವಾರ ಗಮನಿಸಿ ನೋಡಿದೆ. 'ಕೂಸು ಭಾಳ ಸಣ್ಣದ ಅಲ್ಲ?' 'ಬಣ್ಣ ಅಪ್ಪಂದು ಬಂದಿಲ್ಲ.' 'ಹಾಲು ಸಾಕಾಗ್ತಾವ ಏನ್‌ ಇಲ್ಲ?' 'ಸಿಜೇರಿಯನ್‌ ಏನು? ನಮ್ಮ ಕಾಲ್ದಾಗ ಇವೆಲ್ಲ ಇರಲಿಲ್ಲ.' ಎಲ್ಲಕ್ಕಿಂತ ಹೆಚ್ಚಾಗಿ, 'ಇರಲಿ ಬಿಡು, ಲಕ್ಷ್ಮಿ ಬಂದಾಳ.' ಈ 'ಇರಲಿ ಬಿಡು' ಇದೆಯಲ್ಲ, ಅದು ಸಮಾಧಾನ. ಮಗಳು ಹುಟ್ಟಿದ್ದಕ್ಕೆ ನನಗೆ ಸಮಾಧಾನ ಬೇಕಿರಲಿಲ್ಲ. ಗಂಡುಮಗು ಹುಟ್ಟಿದ ಮನೆಯಲ್ಲಿ ಯಾರಾದರೂ 'ಇರಲಿ ಬಿಡು' ಅಂದದ್ದನ್ನು ನಾನು ಕೇಳಿಲ್ಲ.

ಇದು ನನ್ನೊಬ್ಬಳ ಸಿಡಿಮಿಡಿ ಅಲ್ಲ. ನಮ್ಮ ನೆರೆಯ ಗೋವಾದಲ್ಲಿ ವಿಕ್ರಂ ಪಟೇಲ್‌ ಮತ್ತು ತಂಡ ಬಾಣಂತಿಯರನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದರು. ಹೆರಿಗೆಯಾಗಿ 6ರಿಂದ 8 ವಾರದಲ್ಲಿ ಸುಮಾರು 23 ಶೇಕಡ ತಾಯಂದಿರಲ್ಲಿ ಖಿನ್ನತೆ ಇತ್ತು. ಅಪಾಯ ಹೆಚ್ಚಿಸಿದ ಸಂಗತಿಗಳು: ಹಣದ ಕಷ್ಟ, ಗಂಡನ ಜೊತೆ ಹದಗೆಟ್ಟ ಸಂಬಂಧ ಮತ್ತು ಹಿಂಸೆ, ಗಂಡು ಬೇಕು ಅಂದುಕೊಂಡಿದ್ದ ಕಡೆ ಹೆಣ್ಣು ಹುಟ್ಟಿದ್ದು. ಖಿನ್ನತೆಯಿದ್ದ ತಾಯಂದಿರ ಮಕ್ಕಳು ಆರು ತಿಂಗಳಾಗುವ ಹೊತ್ತಿಗೆ ತೂಕದಲ್ಲಿ, ಉದ್ದದಲ್ಲಿ ಹಿಂದೆ ಬಿದ್ದದ್ದನ್ನೂ ಅದೇ ತಂಡ ಮುಂದೆ ಕಂಡುಕೊಂಡಿತು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಭಾರತದ 38 ಅಧ್ಯಯನಗಳನ್ನು ಒಟ್ಟು ಸೇರಿಸಿದ ವಿಶ್ಲೇಷಣೆ ಬಂತು. ಅಲ್ಲೂ ಅಂಕಿ 22 ಶೇಕಡ. ಐದು ಬಾಣಂತಿಯರಲ್ಲಿ ಒಬ್ಬಳು ಅಂತ ಇಟ್ಟುಕೊಳ್ಳಿ. ನಿಮ್ಮ ಓಣಿಯಲ್ಲೇ ಎಣಿಸಬಹುದು.

ನನ್ನ ವಿಷಯದಲ್ಲಿ ಅದನ್ನು ಮೊದಲು ಹಿಡಿದವರು ಮನೆಯವರಲ್ಲ, ಡಾಕ್ಟರೂ ಅಲ್ಲ. ಆಶಾ ಅಕ್ಕ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬರಬೇಕು ಅಂತ ನಿಯಮ ಇದೆ. ನಾಲ್ಕು ವಾರ ತುಂಬಿದಾಗ ಬಂದ ಅಕ್ಕ ಮಗಳನ್ನು ತೂಗಿ, ಬರೆದುಕೊಂಡು, ಎದ್ದವರು ಮತ್ತೆ ಕೂತರು. 'ಕೂಸಿಂದು ಆತು. ನಿಂದು ಹೇಳವ್ವ. ನಿದ್ದಿ ಹತ್ತತದೇನು? ಕೂಸು ಮಲಗಿದಾಗಾದ್ರೂ?' ಇಲ್ಲ ಅಂದೆ. 'ಎಷ್ಟು ದಿನದಿಂದ?' ಲೆಕ್ಕ ಹಾಕಿದರೆ ಹತ್ತು ದಿನ ಆಗಿತ್ತು. ಅವ್ವನ ಕಡೆ ತಿರುಗಿ, 'ಇಕಿನ್ನ ಡಾಕ್ಟರ್‌ ಕಡೆ ಕರಕೊಂಡು ಹೋಗ್ರಿ, ಕೂಸಿನ್ನ ಅಲ್ಲ' ಅಂದರು.

ಹೆರಿಗೆಯಾದ ಎರಡು-ಮೂರು ದಿನಕ್ಕೆ ಅಳು, ಸಿಡುಕು ಬರೋದು ತುಂಬಾ ಜನಕ್ಕೆ ಇರುತ್ತದೆ, ಎರಡು ವಾರದೊಳಗೆ ತಾನಾಗೇ ಹೋಗುತ್ತದೆ. ಎರಡು ವಾರ ದಾಟಿಯೂ ಹೋಗದಿದ್ದರೆ, ಕೂಸು ಮಲಗಿದಾಗಲೂ ನಿದ್ದೆ ಬರದಿದ್ದರೆ, ಯಾವುದರಲ್ಲೂ ಖುಷಿ ಇಲ್ಲದಿದ್ದರೆ ತೋರಿಸಬೇಕು. ತನಗೋ ಕೂಸಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಅವತ್ತೇ ತೋರಿಸಬೇಕು. ಡಾಕ್ಟರ್‌ ನನಗೆ ಕೊಟ್ಟಿದ್ದು ಹತ್ತು ಪ್ರಶ್ನೆಗಳ ಒಂದು ಹಾಳೆ, ಕನ್ನಡದಲ್ಲೇ. ಎಡಿನ್‌ಬರ್ಗ್‌ ಪ್ರಶ್ನಾವಳಿ ಅಂತಾರೆ, 1987ರಿಂದ ಬಳಕೆಯಲ್ಲಿದೆ. ಐದು ನಿಮಿಷದ ಕೆಲಸ. ಇದನ್ನು ಪ್ರತಿ ಲಸಿಕೆ ದಿನ ಕೂಸಿನ ತೂಕದ ಜೊತೆ ಯಾಕೆ ಮಾಡಿಸಲ್ಲ ಅನ್ನೋದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಹಾಳೆ ನೋಡಿದ ಡಾಕ್ಟರ್‌ ನನ್ನನ್ನು ಹೊರಗೆ ಕೂರಿಸಿ ಅವ್ವ, ಅಪ್ಪ, ನಮ್ಮ ಮನೆಯವರು ಮೂವರನ್ನೂ ಒಳಗೆ ಕರೆದರು. ಏನು ಮಾತಾಡಿದರು ಅಂತ ಪೂರ್ತಿ ನನಗೆ ಹೇಳಿಲ್ಲ. ಹೊರಗೆ ಬಂದ ಅಪ್ಪ ಹೇಳಿದ್ದು ಇಷ್ಟು: 'ನಿನಗ ದಿನಾ ರಾತ್ರಿ ಐದು ತಾಸು ಒಂದೇ ಸಮ ನಿದ್ದಿ. ಇದು ನಮ್ಮ ಔಷಧ ಅಂತ, ನಿಂದಲ್ಲ.' ಅಪ್ಪ ನಿವೃತ್ತ ಮಾಸ್ತರ್‌, ಬರೆದುಕೊಟ್ಟದ್ದನ್ನು ತಪ್ಪದೆ ಮಾಡುವ ಮನುಷ್ಯ. ನನಗೂ ಬೇರೆ ಚಿಕಿತ್ಸೆ ಇತ್ತು, ಸಮಾಲೋಚನೆಗೆ ಕೆಲವು ವಾರ ಹೋದೆ.

ಎರಡು ವಾರಕ್ಕೆ ಕೂಸಿನ ಅಳು ನಿಂತುಹೋಯಿತು ಅಂತ ಬರೆದರೆ ಚಂದ ಕಾಣ್ತದೆ. ನಿಲ್ಲಲಿಲ್ಲ. ಹಸುಗೂಸುಗಳ ಅಳು ಆರನೇ ವಾರದ ಹೊತ್ತಿಗೆ ತುದಿಗೇರಿ, ಮೂರು-ನಾಲ್ಕು ತಿಂಗಳಿಗೆ ತಾನೇ ಇಳಿಯುತ್ತದೆ. ತಾಯಿ ಎಷ್ಟೇ ಖುಷಿಯಲ್ಲಿದ್ದರೂ ಅಷ್ಟೇ. ಮೇಲಾಗಿ ನಮ್ಮೂರಿನ ಬಿಸಿಲು, ಮಧ್ಯಾಹ್ನ ಕರೆಂಟ್‌ ಹೋದರೆ ದೊಡ್ಡವರಿಗೇ ಅಳು ಬರುತ್ತದೆ. ಹೊಟ್ಟೆಯಲ್ಲಿ ಗ್ಯಾಸ್‌, ಒದ್ದೆ ಬಟ್ಟೆ, ಮುಂದೆ ಹಲ್ಲು. ಎಲ್ಲಾ ಅಳುವಿಗೂ ತಾಯಿಯ ಮನಸ್ಸೇ ರೂಟ್‌ ಕಾಸ್‌ ಅಲ್ಲ. ನಮ್ಮ ಕೆಲಸದಲ್ಲಿ ಸರ್ವರ್‌ ಬಿದ್ದಾಗಲೆಲ್ಲ ಒಂದೇ ಟೀಮ್‌ ಮೇಲೆ ಗೂಬೆ ಕೂರಿಸಿದ ಹಾಗೆ ಅದು. ಬದಲಾದದ್ದು ಒಂದೇ. ಮಗಳು ಅತ್ತಾಗ ಅದು ನನ್ನ ಮೇಲಿನ ದೂರು ಅಂತ ಕೇಳಿಸೋದು ನಿಂತಿತು. ಬರೀ ಅಳು ಅಂತ ಕೇಳಿಸತೊಡಗಿತು.

ಹಾಗಾದರೆ ತಾಯಿ ಸದಾ ನಗುಮುಖದಲ್ಲಿ ಇರಬೇಕಾ? ಇಲ್ಲಿ ನನಗೆ ತುಂಬಾ ಸಮಾಧಾನ ಕೊಟ್ಟವರು ಎಡ್ವರ್ಡ್‌ ಟ್ರಾನಿಕ್‌. 1970ರ ದಶಕದಲ್ಲಿ ಅವರು ಮಾಡಿದ 'ನಿಶ್ಚಲ ಮುಖ'ದ ಪ್ರಯೋಗದ ವಿಡಿಯೊ ನೀವೂ ನೋಡಿರಬಹುದು. ಮಗುವಿನ ಜೊತೆ ಆಡುತ್ತಿದ್ದ ತಾಯಿ ಒಮ್ಮೆಲೆ ಮುಖದಲ್ಲಿ ಯಾವ ಭಾವನೆಯೂ ಇಲ್ಲದೆ ಕೂರುತ್ತಾಳೆ. ಮಗು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ. ಉತ್ತರ ಬರದಿದ್ದಾಗ ಮುಖ ತಿರುಗಿಸಿ ಸೊರಗುತ್ತದೆ. ಎರಡು-ಮೂರು ನಿಮಿಷ, ಅಷ್ಟೇ. ಅದನ್ನು ನೋಡಿದ ರಾತ್ರಿ ನಾನು ಫೋನ್‌ ಕೆಳಗಿಟ್ಟು ಮಗಳ ಮುಖ ನೋಡುತ್ತಾ ಕೂತೆ. (ಅವಳು ನಿದ್ದೆಯಲ್ಲಿದ್ದಳು. ಅವಳಿಗೇನೂ ಲಾಭ ಆಗಲಿಲ್ಲ.) ಫೋನ್‌ ವಿಷಯವೂ ಸುಳ್ಳಲ್ಲ. 2018ರಲ್ಲಿ ಇದೇ ಪ್ರಯೋಗವನ್ನು ತಾಯಿಯ ಕೈಗೆ ಮೊಬೈಲ್‌ ಕೊಟ್ಟು ಮಾಡಿದಾಗಲೂ ಮಕ್ಕಳ ಕಿರಿಕಿರಿ ಹೆಚ್ಚಾದದ್ದು ಕಂಡುಬಂತು.

ಆದರೆ ಟ್ರಾನಿಕ್‌ ಅವರ ಇನ್ನೊಂದು ಮಾತು ವಿಡಿಯೊದಷ್ಟು ಹರಿದಾಡಿಲ್ಲ. ಸಹಜವಾಗಿ, ಚೆನ್ನಾಗಿ ಹೊಂದಿಕೊಂಡಿರುವ ತಾಯಿ-ಮಗು ಕೂಡ ಮುಖಾಮುಖಿ ಆಟದಲ್ಲಿ ತಾಳ ಕೂಡಿರೋದು ಹೆಚ್ಚುಕಡಿಮೆ ಮೂರನೇ ಒಂದು ಪಾಲು ಸಮಯ ಮಾತ್ರ. ಉಳಿದ ಹೊತ್ತು ತಾಳ ತಪ್ಪಿರುತ್ತದೆ, ಇಲ್ಲವೇ ಮತ್ತೆ ಹೊಂದಿಸಿಕೊಳ್ಳುವ ಕೆಲಸ ನಡೆದಿರುತ್ತದೆ. ಮಗು ಬೆಳೆಯೋದು ಆ ಹೊಂದಿಸಿಕೊಳ್ಳುವುದರಲ್ಲೇ ಅನ್ನೋದು ಅವರ ವಾದ. ಅತ್ತೆ, ಸಿಡುಕಿದೆ, ಆಮೇಲೆ ಮಗಳನ್ನು ಎತ್ತಿಕೊಂಡು ಮಾತಾಡಿಸಿದೆ. ಆ 'ಆಮೇಲೆ' ಇದ್ದರೆ ಆಯಿತು. ನೂರಕ್ಕೆ ನೂರು ಅಪ್‌ಟೈಮ್‌ ಯಾವ ತಾಯಿಯಿಂದಲೂ ಆಗಲ್ಲ, ಕೂಸಿಗೆ ಅದು ಬೇಕಾಗಿಯೂ ಇಲ್ಲ.

ಸಂಪರ್ಕ ಒಂದೇ ದಿಕ್ಕಿನದೂ ಅಲ್ಲ. ಸುಮಾರು ಎರಡು ತಿಂಗಳಾದಾಗ ಮಗಳು ನನ್ನನ್ನೇ ನೋಡಿ ನಕ್ಕಳು, ನಿದ್ದೆಗಣ್ಣಿನ ನಗುವಲ್ಲ, ನಿಜವಾದದ್ದು. ಆವತ್ತು ನಾನು ತಿಂಗಳಿನಲ್ಲಿ ಮೊದಲ ಸಲ ಎರಡನೇ ರೊಟ್ಟಿ ಕೇಳಿ ಹಾಕಿಸಿಕೊಂಡೆ ಅಂತ ಅವ್ವ ಲೆಕ್ಕ ಇಟ್ಟಿದ್ದಾಳೆ. ತನ್ನ ಮಗುವಿನ ನಗುಮುಖ ಕಂಡಾಗ ತಾಯಿಯ ಮಿದುಳಿನಲ್ಲಿ ಖುಷಿಯ ಭಾಗಗಳು ಚುರುಕಾಗೋದನ್ನು ಹ್ಯೂಸ್ಟನ್‌ನಲ್ಲಿ 2008ರಲ್ಲಿ ಸ್ಕ್ಯಾನ್‌ ಮಾಡಿ ತೋರಿಸಿದ್ದಾರೆ. ರೊಟ್ಟಿಯ ಲೆಕ್ಕ ಅದಕ್ಕಿಂತ ಅಗ್ಗ.

ಕೆಲಸಕ್ಕೆ ಮರಳಿದ್ದು ಇನ್ನೊಂದು ಅಧ್ಯಾಯ. 2017ರ ತಿದ್ದುಪಡಿ ನಂತರ ಹೆರಿಗೆ ರಜೆ 26 ವಾರ. ಅದು ಮುಗಿದ ಮೇಲೆ ನಾನು ತವರಿನಿಂದಲೇ ವರ್ಕ್‌ ಫ್ರಂ ಹೋಮ್‌. ರಿಲೀಸ್‌ ಇರುವ ದಿನ ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡೇ ಕಾಲ್‌ಗೆ ಕೂರುತ್ತಿದ್ದೆ. ಕ್ಯಾಮೆರಾ ಆಫ್‌, ಮೈಕ್‌ ಮ್ಯೂಟ್‌, ಬಾಯಲ್ಲಿ ಒಂದು ಶಬ್ದ ಇಲ್ಲ. ಆದರೂ ಆ ಕಡೆ ಯಾರಾದರೂ 'ಇದನ್ನು ಯಾರು ಮರ್ಜ್‌ ಮಾಡಿದ್ದು?' ಅಂತ ದನಿ ಏರಿಸಿದರೆ ಎರಡು ನಿಮಿಷದಲ್ಲಿ ಮಗಳು ಬೆನ್ನು ಬಿಲ್ಲಿನಂತೆ ಬಾಗಿಸಿ ಕಿರುಗುಟ್ಟುತ್ತಿದ್ದಳು. ನನ್ನ ತೋಳು ಬಿಗಿಯಾಗಿದ್ದು, ಉಸಿರು ಮೇಲೆ ಬಂದದ್ದು ಅವಳಿಗೆ ಸಾಕು. ಮ್ಯೂಟ್‌ ಬಟನ್‌ ಮೈಗೆ ಇಲ್ಲ. ಈಗ ಅಂಥ ಕಾಲ್‌ ಇದ್ದರೆ ಹತ್ತು ನಿಮಿಷ ಮೊದಲೇ ಅಪ್ಪನ ಕೈಗೆ ಕೊಡ್ತೀನಿ.

ಅಪ್ಪನಿಗೆ ಒಂದು ಸೂತ್ರ ಹೇಳಿಕೊಟ್ಟಿದ್ದೇನೆ. ಜಪಾನಿನ ಸಂಶೋಧಕರು 2022ರಲ್ಲಿ ಪ್ರಕಟಿಸಿದ್ದು: ಅಳುವ ಕೂಸನ್ನು ಎತ್ತಿಕೊಂಡು ಐದು ನಿಮಿಷ ನಿಲ್ಲದೆ ನಡೆಯಬೇಕು. ಮಲಗಿತು ಅಂತ ಕೂಡಲೇ ತೊಟ್ಟಿಲಿಗೆ ಹಾಕಬಾರದು. ಇನ್ನೂ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕೂತಿದ್ದು ಆಮೇಲೆ ಮಲಗಿಸಬೇಕು. ಅಪ್ಪ ಗಡಿಯಾರ ನೋಡಿಕೊಂಡು ಮಾಳಿಗೆ ಮೇಲೆ ನಡೆಯುತ್ತಾರೆ. ಕೆಎಸ್‌ಆರ್‌ಪಿ ಪಡೆ ಇರುವ ಊರಿನಲ್ಲಿ ನಮ್ಮ ಮನೆಯದೂ ಒಂದು ಪರೇಡ್‌. ಪ್ರತಿ ಸಲ ಫಲ ಕೊಡಲ್ಲ, ಆದರೆ ಬರೀ ತೊಟ್ಟಿಲು ತೂಗುವುದಕ್ಕಿಂತ ವಾಸಿ.

ಕೂಸನ್ನು ಸಮಾಧಾನ ಮಾಡುವ ಶಕ್ತಿ ಹೆತ್ತವಳಿಗೆ ಮಾತ್ರ ಅಂತ ನಂಬಿದವರಿಗೆ ಒಂದು ಮಾತು. 2014ರಲ್ಲಿ ಇಸ್ರೇಲಿನ ರೂತ್‌ ಫೆಲ್ಡ್‌ಮನ್‌ ತಂಡ ತೋರಿಸಿದ್ದು, ಮಗುವಿನ ಮುಖ್ಯ ಜವಾಬ್ದಾರಿ ಹೊತ್ತ ಅಪ್ಪಂದಿರ ಮಿದುಳಿನಲ್ಲೂ ತಾಯಂದಿರಲ್ಲಿ ಕಾಣುವಂಥ ಎಚ್ಚರದ ಭಾಗ ಚುರುಕಾಗುತ್ತದೆ ಅಂತ. ಹೆರೋದರಿಂದ ಮಾತ್ರವಲ್ಲ, ನೋಡಿಕೊಳ್ಳೋದರಿಂದಲೂ ಮಿದುಳು ಬದಲಾಗುತ್ತದೆ. ನೋಡಿಕೊಳ್ಳೋಕೆ ಸಮಯವೇ ಕೊಡದಿದ್ದರೆ ಹೇಗೆ ಬದಲಾಗಬೇಕು? ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿಯವರಿಗೆ ಕಾನೂನಿನಲ್ಲಿ ಏನೂ ಇಲ್ಲ, ಕಂಪನಿ ಕೊಟ್ಟಷ್ಟು. ನಮ್ಮ ಮನೆಯವರಿಗೆ ಸಿಕ್ಕಿದ್ದು ಐದು ದಿನ. ಅದರಲ್ಲಿ ಎರಡು ದಿನ ಆಸ್ಪತ್ರೆ ಬಿಲ್ಲಿನ ಕೌಂಟರ್‌ ಮುಂದೆ ಹೋಯ್ತು.

ನಮ್ಮ ರಾಜ್ಯದಲ್ಲಿ ಒಂದು ಒಳ್ಳೆಯ ಮಾದರಿ ಇದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗು ಘಟಕ ನಡೀತಿದೆ. ಹೆರಿಗೆ ನಂತರ ತೀವ್ರ ಮಾನಸಿಕ ತೊಂದರೆಗೆ ಒಳಗಾದ ತಾಯಿಯನ್ನು ಮಗುವಿನಿಂದ ಬೇರೆ ಮಾಡದೆ, ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುತ್ತಾರೆ. ಇಂಥದ್ದು ಕಲ್ಯಾಣ ಕರ್ನಾಟಕಕ್ಕೂ ಬೇಕು. ಕಲಬುರಗಿಯಿಂದ ಹಸುಗೂಸು ಕಟ್ಟಿಕೊಂಡು ಬೆಂಗಳೂರಿಗೆ ರಾತ್ರಿಯಿಡೀ ಪಯಣ ಮಾಡುವುದು ಹುಷಾರಿದ್ದವರಿಗೇ ಕಷ್ಟ. ಸದ್ಯಕ್ಕೆ ಮಾತಾಡಬೇಕು ಅನ್ನಿಸಿದವರಿಗೆ ಟೆಲಿ ಮನಸ್‌ ಇದೆ. ನಂಬರ್‌ 14416, ಉಚಿತ, 24 ತಾಸೂ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಬಾಣಂತಿಯೇ ಮಾಡಬೇಕು ಅಂತಿಲ್ಲ, ಅವಳ ಗಂಡನೂ ಮಾಡಬಹುದು.

ಮಗಳಿಗೆ ಈಗ ಹನ್ನೊಂದು ತಿಂಗಳು. ನಮ್ಮ ಮನೆಯವರು ಶುಕ್ರವಾರ ಕೆಲಸ ಮುಗಿಸಿ ಹೈದರಾಬಾದಿನಿಂದ ರೈಲು ಹಿಡೀತಾರೆ. ಶನಿವಾರ ರಾತ್ರಿ ಪೂರ್ತಿ ಅವರದೇ ಪಾಳಿ, ನಾನು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿ ಮಲಗ್ತೀನಿ. ಮೊದಲೆರಡು ಶನಿವಾರ ಮಗಳು ಅವರ ಕೈಯಲ್ಲಿ ಒಂದೇ ಸಮ ಅತ್ತಳು. ಅವ್ವ ಎರಡು ಸಲ ನನ್ನ ಬಾಗಿಲ ತನಕ ಬಂದು, ಬಡಿಯದೆ ವಾಪಸ್‌ ಹೋದಳಂತೆ. ಅವರಿಗೆ ಜೋಗುಳ ಬರಲ್ಲ. ಮೂರನೇ ಶನಿವಾರ ಬೇರೆ ದಾರಿ ಕಾಣದೆ ಸಣ್ಣ ದನಿಯಲ್ಲಿ ಕ್ರಿಕೆಟ್‌ ಕಾಮೆಂಟರಿ ಹೇಳುತ್ತಾ ನಡೆದಿದ್ದಾರೆ. ನಾಲ್ಕನೇ ಓವರಿಗೆ ಮಲಗಿದಳಂತೆ. ಈಗ ಅವರಿಗೆ ವೀಕೆಂಡ್‌ ಆನ್‌ಕಾಲ್‌ ಬಿದ್ದು ಬರಲಾಗದ ವಾರ ಅಪ್ಪನೇ ಆ ಕಾಮೆಂಟರಿ ಹೇಳಬೇಕು. ಅಪ್ಪನಿಗೆ ಗವಾಸ್ಕರ್‌ ಆಚೆಗೆ ಆಟಗಾರರ ಹೆಸರು ಬರಲ್ಲ. ಮಗಳ ತಕರಾರೇನೂ ಇಲ್ಲ.